ಐದನೇ ಮಹಡಿಯವರೆಗೆ

"‘ನಾವು’ ಅನ್ನಬೇಡ ಕಣೇ, ‘ನಾನು’ ಅನ್ನು. ಇನ್ನೊಂದ್ ಸಲ," ಎಂದು ಅಕ್ಕ ಗೋಡೆಯ ಗಡಿಯಾರದ ಕಡೆ ತಿರುಗಿದಳು.

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಇದ್ದವರು ಇಬ್ಬರೇ. ಒಡಹುಟ್ಟಿದವರಲ್ಲ, ಹದಿನೆಂಟು ವರ್ಷ ಎದುರುಬದುರು ಕೂತು ಮೆಷಿನ್ ತುಳಿದು ಅಕ್ಕ-ತಂಗಿಯಾದವರು. ಮುಂದಿನ ತಿಂಗಳಿಂದ ಇಲ್ಲಿಗೆ ಒಬ್ಬರೇ ಸಾಕು ಎಂದು ಮೇಲಿನಿಂದ ಚೀಟಿ ಬಂದಿತ್ತು. ಆರಿಸುವವರು ಹೊಸದಾಗಿ ಬಂದ ದೊಡ್ಡ ಡಾಕ್ಟರಮ್ಮ. ಅವರ ಕೋಣೆಗೆ ಹೋದರೆ ಭೇಟಿ ಸಿಗದು. ಬೆಳಿಗ್ಗೆ ಒಂಬತ್ತಕ್ಕೆ ಲಿಫ್ಟಿನಲ್ಲಿ ಮಾತ್ರ ಒಬ್ಬರೇ ಸಿಗುತ್ತಾರೆ. ಐದನೇ ಮಹಡಿ ಮುಟ್ಟಲು ನಲವತ್ತು ಸೆಕೆಂಡು.

"ನೀನೇ ಹೋಗಿ ಕೇಳಬಹುದಲ್ಲ ಅಕ್ಕ?"

"ನಾನಾ? ನನಗೀಗ ಸೂಜಿ ಕಂಡರೆ ಸೂಜಿಗಣ್ಣು ಕಾಣಲ್ಲ. ನಿನ್ನ ಮಗಳ ಓದು ಇನ್ನೂ ಮುಗಿದಿಲ್ಲ. ಸುಮ್ಮನೆ ಹೇಳು. ತಲೆ ಎತ್ತು, ಕಳ್ಳಿ ಥರ ನೆಲ ನೋಡ್ಬೇಡ."

ಹತ್ತನೆಯ ಸಲಕ್ಕೆ ತಂಗಿಯ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ. ಅಕ್ಕ ಅವಳ ಹೆಗಲ ಮೇಲಿದ್ದ ದಾರದ ಎಳೆ ತೆಗೆದು ಕಳಿಸಿಕೊಟ್ಟಳು.

ಲಿಫ್ಟಿನ ಬಾಗಿಲು ಮುಚ್ಚಿತು.

"ನಮಸ್ಕಾರ ಮೇಡಂ. ನಾನು ಹೊಲಿಗೆ ಕೋಣೆಯವಳು." ದನಿ ನಡುಗಲಿಲ್ಲ, ಅವಳಿಗೇ ಆಶ್ಚರ್ಯ. "ಹರಿದ ಹೊದಿಕೆ ಎಸೆಯೋಕೆ ನಾನು ಬಿಡಲ್ಲ. ಕತ್ತರಿಸಿ ಮಕ್ಕಳ ವಾರ್ಡಿಗೆ ಹೊಂದಿಸ್ತೀನಿ. ಮಲಗಿದವರ ಬೆನ್ನಿಗೆ ಗಂಟು ಒತ್ತುತ್ತೆ ಅಂತ ರೋಗಿಗಳ ಅಂಗಿ ಲಾಡೀನ ಪಕ್ಕಕ್ಕೆ ತಂದಿದ್ದು ನಾನೇ. ಹೋದ ವರ್ಷ ನಾನು ಅಂಥ ಆರುನೂರು ಅಂಗಿ ಹೊಲಿದ್ವಿ."

ಡಾಕ್ಟರಮ್ಮ ಕೈಯಲ್ಲಿದ್ದ ಕಾಗದದಿಂದ ತಲೆ ಎತ್ತಿದರು. "ನಾನು... ಹೊಲಿದ್ವಿ?"

ಮೂರನೇ ಮಹಡಿ ದಾಟಿತು. ಕಲಿತ ಮಾತನ್ನು ತಂಗಿ ಅಲ್ಲಿಗೇ ಬಿಟ್ಟಳು.

"ಕತ್ತರಿಸಿದ್ದು ಅಕ್ಕ, ಮೇಡಂ," ಎಂದಳು. "ಲಾಡಿ ಪಕ್ಕಕ್ಕಿರಲಿ ಅಂದಿದ್ದೂ ಅವಳೇ. ಕಣ್ಣು ಸ್ವಲ್ಪ ಮಂಜು. ಆದ್ರೆ ಅಳತೆ ಪಟ್ಟಿ ಬೇಡ ಅವಳಿಗೆ, ಕೈಯಲ್ಲೇ ಕಣ್ಣಿದೆ. ನಾನು ಹೊಲಿದೆ, ಅಷ್ಟೆ."

ಬಾಗಿಲು ತೆರೆಯಿತು. ಡಾಕ್ಟರಮ್ಮ ಹೊರಗೆ ಕಾಲಿಟ್ಟು, ಮುಚ್ಚಿಕೊಳ್ಳಲು ಬಂದ ಬಾಗಿಲನ್ನು ಅಂಗೈಯಿಂದ ತಡೆದರು.

"ನಾಳೆ ಹತ್ತಕ್ಕೆ ನನ್ನ ಕೋಣೆಗೆ ಬನ್ನಿ. ಇಬ್ಬರೂ. ಆ ಅಂಗಿ ಒಂದು ತನ್ನಿ."

ತಂಗಿ ಕೆಳಗೆ ಬಂದಾಗ ಅಕ್ಕ ತನ್ನ ದೊಡ್ಡ ಕತ್ತರಿಯನ್ನು ಅವಳ ಮೆಷಿನ್ ಮೇಲಿಟ್ಟು, ತನ್ನ ಡಬ್ಬಿ, ಕೊಡೆ, ಹಳೆಯ ಚಪ್ಪಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಏನಂದ್ರು?"

"ನಾಳೆ ಬಾ ಅಂದ್ರು. ನಿನ್ನೂ ಕರ್ಕೊಂಡು."

"ನನ್ನನ್ಯಾಕೆ? ನಾನು ಹೇಳಿಕೊಟ್ಟ ಹಾಗೇ ಹೇಳಿದೆ ತಾನೇ?"

ತಂಗಿ ಕತ್ತರಿಯನ್ನೆತ್ತಿ ಅಕ್ಕನ ಮೇಜಿನ ಮೇಲಿಟ್ಟಳು.

"ಹಾಗೇ ಹೇಳಿದೆ ಅಕ್ಕ. ನನಗೆ ವ್ಯಾಕರಣ ಬರಲ್ಲ, ಅಷ್ಟೆ."