ಮೊದಲ ಮನೆ

ವರ್ನಾ ಲ್ಯಾಪ್‌ಟಾಪ್ ತೆರೆದಳು, ಕನ್ನಡಕ ಒರೆಸಿಕೊಂಡಳು, ಏನೋ ನೆನಪಾದವಳಂತೆ ಎದ್ದು ಕಾಫಿ ಬಗ್ಗಿಸಿಕೊಳ್ಳಲು ಹೋದಳು. ಬೆಳಗಿನಿಂದ ಇದೆಷ್ಟನೆಯ ಕಾಫಿಯೋ. ಎದುರು ಕುರ್ಚಿಯ ತುದಿಯಲ್ಲಿ ಕೂತಿದ್ದ ಸೊಸೆ ಜೋಲೀನ್‌ಗೆ ಮೈಯೆಲ್ಲ ಚಡಪಡಿಕೆ.

ಪಾಠಗಳು ಮುಗಿದಿದ್ದವು. ಪರೀಕ್ಷೆ ಪಾಸಾಗಿತ್ತು, ಬೆರಳಚ್ಚು ಕೊಟ್ಟಾಗಿತ್ತು, ಮನೆ ಮಾರಾಟದ ಲೈಸೆನ್ಸಿನ ಅರ್ಜಿಯೂ ಹೋಗಿತ್ತು. ಇನ್ನು ಯಾರಾದರೂ ಒಬ್ಬ ಬ್ರೋಕರ್ 'ಇವಳು ನನ್ನ ಕೈಕೆಳಗೆ ಕೆಲಸ ಮಾಡಲಿ' ಎಂದು ಒಪ್ಪಿಕೊಂಡರೆ ಸಾಕು, ಜೋಲೀನ್ ಮನೆಗಳನ್ನು ಮಾರಿ ತನ್ನ ಹೊಟ್ಟೆ ತಾನು ಹೊರೆದುಕೊಳ್ಳಬಹುದು. ಆದರೆ ನೆಬ್ರಾಸ್ಕಾದ ಆ ಪುಟ್ಟ ಊರಿಗೆಲ್ಲ ಇದ್ದ ಬ್ರೋಕರ್ ಒಬ್ಬಳೇ, ಅವಳೇ ಗಂಡ ಡ್ವೇನ್‌ನ ತಾಯಿ. ಹಣೆಬರಹ ಅಂದರೆ ಇದು.

"ಏಪ್ರಿಕಾಟ್ ಹೂರಣದ ಕೊಲಾಚೆ ಬನ್ ಇದೆ, ತಿನ್ನು."

"ಬೇಡ ವರ್ನಾ. ಒಪ್ಪಿಗೆ ಅಂತ ಅದೊಂದು ಬಟನ್ ಒತ್ತಿಬಿಡಿ, ಸಾಕು."

"ಒತ್ತೋಣ ಇರು, ಏನು ಬೆಂಕಿ ಬಿದ್ದಿದೆಯಾ? ಹೊಸಬರು ಯಾರೇ ಬರಲಿ, ನಾನು ಒಂದು ಮಾತು ಕೇಳ್ತೀನಿ. ಮೊದಲು ಯಾರ ಮನೆ ಮಾರ್ತೀಯಾ?"

ಈ ಕಸುಬಿನಲ್ಲಿ ಎಲ್ಲರೂ ಶುರುಮಾಡುವುದು ನೆಂಟರಿಷ್ಟರಿಂದಲೇ. ಚಿಕ್ಕಮ್ಮನದೋ, ಚರ್ಚಿನಲ್ಲಿ ಪಕ್ಕ ಕೂರುವವರದೋ ಒಂದು ಹೆಸರು ಹೇಳಿದ್ದರೆ ಆಗುತ್ತಿತ್ತು. ಜೋಲೀನ್ ದಾರಿಯುದ್ದಕ್ಕೂ ಅಂಥದೊಂದು ಹೆಸರನ್ನು ಉರು ಹೊಡೆದುಕೊಂಡೇ ಬಂದಿದ್ದಳು. ಈಗ ನೋಡಿದರೆ ಆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ನಮ್ಮದೇ," ಅಂದಳು.

ವರ್ನಾ ಕಾಫಿ ಕೆಳಗಿಟ್ಟಳು. "ಡ್ವೇನ್‌ಗೆ ಗೊತ್ತಾ?"

"ಇಲ್ಲ. ಅವನನ್ನ ಬಿಟ್ಟು ಹೋಗ್ತಿದ್ದೀನಿ. ಕುಡಿದು ಕುಡಿದು ಇದ್ದ ಕೆಲಸಾನೂ ಕಳ್ಕೊಂಡ. ನನ್ನ ಕೈಲಿ ಇನ್ನಾಗಲ್ಲ. ಈಗ ಬೇಕಾದ್ರೆ ಆ ಲ್ಯಾಪ್‌ಟಾಪ್ ಮುಚ್ಚಿಬಿಡಿ."

ಮುಚ್ಚಿದರೆ ಮುಗಿದೇ ಹೋಯಿತು. ಬೇರೆ ಬ್ರೋಕರ್ ಬೇಕೆಂದರೆ ದೂರದ ಪಟ್ಟಣಕ್ಕೆ ಹೋಗಬೇಕು, ಅಲ್ಲಿ ಇವಳನ್ನು ಯಾರು ಬಲ್ಲರು? ಜೋಲೀನ್ ಎದ್ದು ಕಿಟಕಿಯ ಹತ್ತಿರ ಹೋದಳು, ನಿಲ್ಲಲಾಗದೆ ಮತ್ತೆ ಬಂದು ಕೂತಳು.

"ನಿಮ್ಮನೆ ನೆಲಮಾಳಿಗೆ ಸೋರುತ್ತಲ್ಲ," ಅಂದಳು ವರ್ನಾ ತಟ್ಟನೆ. "ಕೊಳ್ಳೋರಿಗೆ ಏನು ಹೇಳ್ತೀಯಾ?"

"ಸೋರುತ್ತೆ ಅಂತಾನೇ. ಗೊತ್ತಿರೋ ಕೊರತೆ ಮುಚ್ಚಿಟ್ಟು ಮಾರೋ ಹಾಗಿಲ್ಲ ಅಂತ ಪಾಠದಲ್ಲೇ ಹೇಳಿದ್ರಲ್ಲ."

"ಹ್ಞೂಂ. ನಾನೂ ಬಂದೋರಿಗೆಲ್ಲ ಅದನ್ನೇ ಹೇಳ್ತಾ ಬಂದೆ." ವರ್ನಾಳ ದನಿ ಇಳಿಯಿತು. "ಮದುವೆಗೆ ಮುಂಚೆ ಎರಡು ಸಲ ಕುಡಿತ ಬಿಡಿಸೋ ಕಡೆ ಸೇರಿಸಿದ್ದೆ ಅವನನ್ನ. ನಿನಗೆ ಹೇಳಲಿಲ್ಲ. ನೀನು ಬಂದ್ಮೇಲೆ ಸರಿಹೋಗ್ತಾನೆ ಅಂದ್ಕೊಂಡೆ."

ಜೋಲೀನ್‌ಗೆ ಸಿಟ್ಟು ಒತ್ತರಿಸಿಕೊಂಡು ಬಂತು. ತನ್ನಿಂದಲೇ ಅವನು ಕುಡಿಯುತ್ತಾನೇನೋ ಎಂದು ಇಷ್ಟು ವರ್ಷ ಒಳಗೊಳಗೇ ಬೆಂದಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ವರ್ನಾ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ಬಟನ್ ಒತ್ತಿದಳು. ಆಮೇಲೆ ಫೋನ್ ಎತ್ತಿಕೊಂಡಳು.

"ಡ್ವೇನ್, ಏಳು. ಮನೆ ಚೊಕ್ಕ ಮಾಡು, ಮಾರೋದಿದೆ. ಜೋಲೀನ್ ಕಾಗದ ತರ್ತಾಳೆ, ಸಹಿ ಹಾಕು."

"ಅಮ್ಮಾ, ಏನು ಹೇಳ್ತಿದ್ದೀಯಾ ನೀನು?" ಅತ್ತಲಿಂದ ನಿದ್ದೆ ಹರಿಯದ ದನಿ.

ವರ್ನಾಳ ಕಣ್ಣು ತುಂಬಿತ್ತು, ಮಾತು ಮಾತ್ರ ತಡವರಿಸಲಿಲ್ಲ.

"ಈಗ ಮಾತಾಡ್ತಿರೋದು ಜೋಲೀನಳ ಬ್ರೋಕರ್. ನಿನ್ನಮ್ಮ ಸಂಜೆ ಬರ್ತಾಳೆ."