ನಳಿಗೆಗುಂಟ ರೇಷ್ಮೆ ಎಳೆ

ಹಸಿ ರೇಷ್ಮೆಯ ವಾಸನೆ ಬಂದರೆ ಈಗಲೂ ಮೊಳಕಾಲ್ಮೂರಿನ ಆ ಮಧ್ಯಾಹ್ನಕ್ಕೆ ಹೋಗುತ್ತೇನೆ. ಅವತ್ತು ಅವ್ವ ಹಿಡಿದ ಎಳೆ ಕೆಂಪೋ ಹಸಿರೋ, ನೆನಪು ದಿನಕ್ಕೊಂದು ಹೇಳುತ್ತದೆ.

ಕೋತಿ ಬೆದರಿಸಲು ತಂದಿದ್ದ ಏರ್‌ಗನ್ನಿನಿಂದ ಅಪ್ಪ ಗೋಡೆಯ ಮೇಲಿನ ಡಬ್ಬಿಗೆ ಗುರಿಯಿಟ್ಟ. ಪ್ರತಿ ಗುಂಡೂ ಡಬ್ಬಿಯ ಕೆಳಗೇ ಬಡಿಯಿತು. ಆ ವಾರ ಅವನು ನೇಯ್ದ ಸೀರೆಯಲ್ಲೂ ಹರಿದ ಎಳೆಗಳು ಗಂಟು ಹಾಕದೆ ಹಾಗೇ ಉಳಿದಿದ್ದವು.

"ಕೋತಿ ನಗ್ತಾವ್ರೀ," ಎಂದಳು ಅವ್ವ.

"ಗನ್ನಿನ ನಳಿಗೆ ಜೋತುಬಿದ್ದೈತೆ ಕಣೇ. ಎಳೆ ಹಿಡಿದು ನೋಡು."

ಅವ್ವ ನಳಿಗೆಗುಂಟ ರೇಷ್ಮೆ ಎಳೆಯನ್ನು ಬಿಗಿಯಾಗಿ ಹಿಡಿದಳು. ಎಳೆಗೂ ನಳಿಗೆಗೂ ನಡುವೆ ಎಲ್ಲೂ ಸಂದು ಕಾಣಲಿಲ್ಲ.

"ನೆಟ್ಟಗೈತಲ್ಲವ್ವಾ," ಎಂದೆ.

ಅವಳು ನನ್ನ ಕಾಲು ತುಳಿದು, "ಬಾಗೈತ್ರೀ. ನಿಮ್ಮ ಕಣ್ಣಿಗೇನೂ ಆಗಿಲ್ಲ," ಎಂದಳು.

ಅಪ್ಪ ಎಳೆಯ ಮೇಲೆ ತುದಿಯಿಂದ ತುದಿಗೆ ಬೆರಳಾಡಿಸಿದ. ಬೆರಳಿಗೂ ಎಲ್ಲೂ ಸಂದು ಸಿಗಲಿಲ್ಲ.

"ಹೂಂ, ಬಾಗೈತೆ," ಎಂದ.

ನೇಯಲು ಕೂರುವ ಮಗ್ಗದ ಗುಂಡಿಗೆ ಅವನು ಮತ್ತೆಂದೂ ಇಳಿಯಲಿಲ್ಲ.