ಕಣ್ಣಿಡುವ ಕೈ

"ಮುಖ ಬೇಕು ಮೇಡಂ," ಎಂದ ನಿರ್ದೇಶಕ ಶಾಂತಕುಮಾರ. "ದೇವಿಯ ಮುಖಕ್ಕೆ ಬೆಂಕಿ ಹತ್ತೋದು ಎದುರಿನಿಂದಲೇ ಕಾಣಬೇಕು. ಕಣ್ಣೇ ಇಲ್ಲದ ಬೊಂಬೆ ಇಟ್ಕೊಂಡು ನಾನೇನು ತೆಗೀಲಿ?"

ಕಲಾ ನಿರ್ದೇಶಕಿ ವಾಣಿಶ್ರೀ ಬೊಂಬೆಯ ಬೋಳು ಮುಖದ ಕಡೆ ತಿರುಗಿದಳು. ಹಿಂದಿನಿಂದಷ್ಟೇ ತೆಗೆಯುತ್ತೇನೆ ಎಂದು ಆತ ಮೊದಲೇ ಹೇಳಿದ್ದ. ಅದನ್ನು ನಂಬಿ ಅವಳು ಊರದೇವತೆ ದ್ಯಾಮವ್ವನ ಈ ಥರ್ಮಾಕೋಲ್ ಬೊಂಬೆಗೆ ಕಣ್ಣು ಬರೆಯದೆ ಬಿಟ್ಟಿದ್ದಳು. ಇರಕಲ್ಲಗಡದ ಬಂಡೆಗಳ ನಡುವೆ ಅವಳು ಕಟ್ಟಿಸಿದ ಗುಡಿಯ ಸೆಟ್ಟಿಗೆ ಇಬ್ಬರು ದ್ಯಾಮವ್ವಂದಿರು. ಇದು ಸುಡಲಿಕ್ಕೆ. ಇನ್ನೊಂದು ಮರದ್ದು, ಅವಳ ಅಪ್ಪ, ಕಿನ್ನಾಳದ ಚಿತ್ರಗಾರ ಕೊಟ್ರಪ್ಪ, ಆರು ತಿಂಗಳು ಕೂತು ಮಾಡಿದ್ದು. ಶೂಟಿಂಗ್ ಮುಗಿದ ಮೇಲೆ ಅದು ಯಲಬುರ್ಗಾ ಕಡೆಯ ಮಂಗಳೂರಿನ ಗುಡಿಗೆ ಹೋಗುತ್ತದೆ ಎಂದದ್ದಕ್ಕೇ ಅಪ್ಪ ಒಪ್ಪಿದ್ದ. ಅದರ ಕೆಲಸ ನಿನ್ನೆಗೇ ಮುಗಿದು, ಬಿಳಿ ಬಟ್ಟೆ ಸುತ್ತಿಕೊಂಡು ಟೆಂಪೋದಲ್ಲಿ ಕೂತಿತ್ತು.

"ಹೊತ್ತು ಮುಳುಗೋಕೆ ಇಪ್ಪತ್ತೇ ನಿಮಿಷ. ಇದಕ್ಕೆ ಕಣ್ಣು ಬರೀರಿ, ಇಲ್ಲ ಆ ಮರದ್ದನ್ನೇ ತರಿಸಿ," ಎಂದು ಶಾಂತಕುಮಾರ ಕ್ಯಾಮೆರಾ ಕಡೆ ನಡೆದ.

ದೇವಿಯನ್ನು ಕರೆದೊಯ್ಯಲು ಬಂದಿದ್ದ ಕೊಟ್ರಪ್ಪ ಗುಡಿಯ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡೇ ಕೂತಿದ್ದ. ಬೆಳಿಗ್ಗೆಯಿಂದ ಗರ್ಭಗುಡಿಯೊಳಗೂ ಹಾಗೇ ಓಡಾಡಿದ್ದ. "ಪ್ಲೈವುಡ್ ಗುಡಿಗೆ ಯಾಕ ಚಪ್ಲಿ ಬಿಡಬೇಕ್ರಿ?" ಎಂದು ಲೈಟಿನವರೆದುರು ನಕ್ಕೂ ಇದ್ದ. ಮಗಳ ಇಪ್ಪತ್ತೆರಡು ವರ್ಷದ ಕೆಲಸದ ಬಗ್ಗೆ ಅವನಾಡಿದ ಮಾತೆಲ್ಲ ಇದೇ ಧಾಟಿಯವು. ಸುಳ್ಳೂ ಅಲ್ಲ ಅನ್ನಿ. ಅರಮನೆ, ಜೈಲು, ಬಸ್ ಸ್ಟ್ಯಾಂಡು, ಏನೆಲ್ಲ ಕಟ್ಟಿದ್ದಳು. ಅವುಗಳ ಒಂದು ಗೋಡೆಯೂ ಇವತ್ತು ನಿಂತಿಲ್ಲ.

"ಅಪ್ಪಾ, ಈ ಬೊಂಬಿಗೆ ನೀನ ಕಣ್ಣ ಇಡು."

"ಸುಡಾಕ ಇಟ್ಟಿದ್ದಕ್ಕ? ಕಣ್ಣ ಇಟ್ಟಮ್ಯಾಲ ಅದು ದೇವ್ರು. ಸುಡಂಗಿಲ್ಲ, ಮುರಿಯಂಗಿಲ್ಲ. ಗೊತ್ತಿದ್ದೂ ಕೇಳ್ತಿಯಲ್ಲ."

"ಇಡದಿದ್ರ ನಿನ್ನ ದ್ಯಾಮವ್ವನ್ನ ಸುಡ್ತಾರ."

ಅಪ್ಪನ ನೋಟ ಟೆಂಪೋ ಕಡೆ ಹೋಯಿತು.

"ಹಂಗಾರ ನಾನ ಇಡ್ಲೇನು?"

ಇದೇ ಮಾತನ್ನು ಅವಳು ಹದಿನಾಲ್ಕರ ವಯಸ್ಸಿನಲ್ಲೊಮ್ಮೆ ಕೇಳಿದ್ದಳು. ನಮ್ಮ ಮನೆಯ ಹೆಣ್ಣುಮಕ್ಕಳು ಹುಣಸೆಬೀಜದ ಅಂಟು ಅರೆಯಬಹುದು, ಬಣ್ಣ ತುಂಬಬಹುದು, ಕಣ್ಣಿಡುವುದು ಮಾತ್ರ ಗಂಡಸರ ಕೆಲಸ ಎಂದು ಆಗ ಅಪ್ಪ ಕುಂಚ ಕಸಿದುಕೊಂಡಿದ್ದ. ಆ ಸಿಟ್ಟೇ ಅವಳನ್ನು ಸಿನಿಮಾಕ್ಕೆ ಕರೆದೊಯ್ದದ್ದು. ಇವತ್ತು ಅವನು ಕಸಿದುಕೊಳ್ಳಲಿಲ್ಲ. ಟೆಂಪೋ ನೋಡುತ್ತಲೇ, "ಇಡು," ಎಂದ.

ಬಾಗಿಲ ಸಂದಿಯಲ್ಲಿ ಕದ್ದು ನೋಡಿ ಕಲಿತದ್ದೆಲ್ಲ ಕೈಗೆ ಬಂತು. ಮೊದಲು ಬಿಳಿ, ಅಂಚಿಗೆ ಕೆಂಪು ಗೆರೆ, ಕೊನೆಗೆ ನಡುವಿನ ಕಪ್ಪು. ಎರಡನೆಯ ಕಣ್ಣಿಗೆ ಕಪ್ಪಿಟ್ಟು ಕುಂಚ ಎತ್ತಿದವಳು ಒಂದು ಹೆಜ್ಜೆ ಹಿಂದೆ ಸರಿದಳು. ದ್ಯಾಮವ್ವ ತನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷಕ್ಕೆ ತಾನೂ ಒಂದು ಉಳಿಯುವಂಥದ್ದನ್ನು ಮಾಡಿದೆ ಎನಿಸಿತು.

"ಅಪ್ಪಾ, ನೋಡಿ ಹೇಳು. ಇದು ದೇವ್ರಾಗಿದ್ರ ನಾ ಎರಡನ್ನೂ ಸುಡಾಕ ಬಿಡಂಗಿಲ್ಲ. ಸಿನಿಮಾ ಹೋದ್ರ ಹೋಗ್ಲಿ."

ಕೊಟ್ರಪ್ಪ ಹತ್ತಿರ ಬಂದ. ಆ ಕಣ್ಣುಗಳನ್ನು ಬಹಳ ಹೊತ್ತು ನೋಡಿದ. ತಿರುಗಿ ಟೆಂಪೋ ನೋಡಿದ.

"ಹೆಣ್ಣಿನ ಕೈಲೆ ಬರ್ದಿದ್ದು," ಎಂದ. "ಬರೇ ಬಣ್ಣ ಐತಿ. ಸುಡ್ಲಿ ಬಿಡು ಯವ್ವಾ, ದೋಷ ಇಲ್ಲ."

ವಾಣಿಶ್ರೀ ಕುಂಚ ಕೆಳಗಿಟ್ಟಳು. ತಯಾರಿದೆ ಎಂದು ಶಾಂತಕುಮಾರನಿಗೆ ಕೈಯೆತ್ತಿ ತೋರಿಸಿದಳು.

ಬೆಂಕಿ ಸೀರೆಯ ಅಂಚು ಹಿಡಿದು ಎದೆಗೇರಿತು. ಮುಖಕ್ಕೆ ಬಂದಾಗ ಅವಳಿಗೆ ನೋಡಲಾಗಲಿಲ್ಲ, ತಲೆ ತಗ್ಗಿಸಿದಳು. ಪಕ್ಕದಲ್ಲಿ ಅಪ್ಪನ ಕಾಲು ಕಂಡಿತು. ದಿನವೆಲ್ಲ ಕಾದ ಬಂಡೆಯ ಮೇಲೆ ಅವನು ಬರಿಗಾಲಲ್ಲಿ ಕೈಮುಗಿದು ನಿಂತಿದ್ದ. ಚಪ್ಪಲಿ ದೂರದಲ್ಲಿ, ಗುಡಿಯ ಮೆಟ್ಟಿಲ ಕೆಳಗಿತ್ತು.